ಸುಳ್ಳು ಕುಸ್ತಿ, ನಿಜವಾದ ಹಿಂಸೆ

ಹೊತ್ತು ಮುಳುಗುವ ಮುನ್ನ ಊಟ ಮುಗಿಸುವ, ನೀರನ್ನು ಸೋಸಿ ಕುಡಿಯುವ ಮನೆಗಳಲ್ಲಿಯೂ ದೀಪ ಹೊತ್ತಿಸಿದ ಮೇಲೆ ಮಕ್ಕಳು ಅಮೆರಿಕದ ಕುಸ್ತಿಯನ್ನು ನೋಡುತ್ತ ಕುಳಿತಿರುತ್ತಾರೆ. 1990ರ ದಶಕದಲ್ಲಿ ಕೇಬಲ್ ಟಿ.ವಿ.ಯ ಬೆನ್ನು ಹತ್ತಿ ಕೊಳ್ಳೇಗಾಲ, ಹನೂರು, ಯಳಂದೂರಿನಂಥ ಊರುಗಳನ್ನು ಹೊಕ್ಕ ಆ ಆಟ ಇಂದು ಮೊಬೈಲಿನ ಗಾಜಿಗೆ ಇಳಿದಿದೆ. ಅಂದು ಪೈಲ್ವಾನರ ಚಿತ್ರವಿರುವ ಟ್ರಂಪ್ ಕಾರ್ಡುಗಳನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋದ ಹುಡುಗರು ಈಗ ತಂದೆಯರಾಗಿದ್ದಾರೆ. ಮನೆಯ ಹಿರಿಯರು ಒಂದು ಮಾತು ಆಕ್ಷೇಪಿಸಿದರೆ ಅವರ ಉತ್ತರ ಸಿದ್ಧವಾಗಿರುತ್ತದೆ: “ಅದೆಲ್ಲ ನಾಟಕ ಅಪ್ಪಾಜಿ. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಡಿಕೊಂಡಿರುತ್ತಾರೆ. ಯಾರಿಗೂ ಪೆಟ್ಟಾಗುವುದಿಲ್ಲ. ಅದರಲ್ಲಿ ಹಿಂಸೆ ಎಲ್ಲಿಂದ ಬಂತು?”

ಹಿರಿಯರು ಅಲ್ಲಿಗೆ ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಾದ ಕಾರಣವಿಲ್ಲ. ಪೆಟ್ಟು ಸುಳ್ಳಾದ್ದರಿಂದ ಹಿಂಸೆಯೂ ಇಲ್ಲವೆಂಬ ಈ ವಾದವು ಶಾಸ್ತ್ರದ ಮುಂದೆ ನಿಲ್ಲುವುದಿಲ್ಲ; ಅದಕ್ಕಿಂತ ಮೊದಲು ಕುಸ್ತಿಯ ಇತಿಹಾಸದ ಮುಂದೆಯೇ ನಿಲ್ಲುವುದಿಲ್ಲ. ಕುಸ್ತಿಯೊಳಕ್ಕೆ ಸುಳ್ಳು ಬಂದದ್ದು ಹಿಂಸೆಯನ್ನು ಕಡಿಮೆ ಮಾಡುವುದಕ್ಕಾಗಿ ಎಂದು ತಿಳಿದವರು 1910ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಪಂದ್ಯವನ್ನು ನೆನೆಯಬೇಕು.

ಆ ವರ್ಷದ ಸೆಪ್ಟೆಂಬರ್ 10ರಂದು ಲಂಡನ್ನಿನ ಷೆಪರ್ಡ್ಸ್ ಬುಷ್ ಕ್ರೀಡಾಂಗಣದಲ್ಲಿ ಭಾರತದ ಗಾಮಾ ಪೈಲ್ವಾನನೂ ಪೋಲೆಂಡಿನ ಸ್ಟ್ಯಾನಿಸ್ಲಾಸ್ ಜಿಬಿಸ್ಕೋ ಎಂಬ ಮಲ್ಲನೂ ಎದುರಾದರು. ಪಣವಾಗಿದ್ದುದು 250 ಪೌಂಡು ಹಣ ಮತ್ತು ಜಗಜ್ಜೇತನ ಬಿರುದನ್ನು ಸಾರುವ ‘ಜಾನ್ ಬುಲ್’ ಬೆಲ್ಟು. ಗಾಮಾನ ನಿಜನಾಮ ಗುಲಾಮ್ ಮಹಮ್ಮದ್, ಪಂಜಾಬಿನ ಪೈಲ್ವಾನರ ಮನೆತನ, ಎತ್ತರ ಸಾಧಾರಣ. ಜಿಬಿಸ್ಕೋ ತೂಕದಲ್ಲಿ ಅವನಿಗಿಂತ ಬಹಳ ಭಾರಿ, ಯೂರೋಪಿನಲ್ಲೆಲ್ಲ ಹೆಸರಾದವನು. ಕೈಗೆ ಕೈ ಸೇರಿದ ಒಂದು ನಿಮಿಷದೊಳಗೆ ಗಾಮಾ ಅವನನ್ನು ನೆಲಕ್ಕೆ ತಂದ. ಆದರೆ ಬೆನ್ನು ನೆಲಕ್ಕೆ ತಾಗಿ ‘ಚಿತ್’ ಆಗಬೇಕಲ್ಲ? ಜಿಬಿಸ್ಕೋ ಬೋರಲಾಗಿ, ಕೈಕಾಲುಗಳನ್ನು ಊರಿ, ಹಾಸಿಗೆಗೆ ಅಂಟಿಕೊಂಡಂತೆ ಮಲಗಿಬಿಟ್ಟ. ಗಾಮಾ ಎಳೆದ, ಮಗುಚಲು ನೋಡಿದ, ಬಲ್ಲ ಪಟ್ಟುಗಳನ್ನೆಲ್ಲ ಹಾಕಿದ. ಜಿಬಿಸ್ಕೋ ಮಿಸುಕಲಿಲ್ಲ. ಹೀಗೆ ಎರಡು ಗಂಟೆ 35 ನಿಮಿಷ ಕಳೆಯಿತು. ಕೊನೆಗೆ ಪಂದ್ಯವನ್ನು ಸಮವೆಂದು ನಿಲ್ಲಿಸಿ, ಒಂದು ವಾರದ ನಂತರ ಮತ್ತೆ ಸೆಣಸಬೇಕೆಂದು ಗೊತ್ತುಪಡಿಸಿದರು. ಸೆಪ್ಟೆಂಬರ್ 17ರಂದು ಗಾಮಾ ಬಂದ, ಜಿಬಿಸ್ಕೋ ಬರಲಿಲ್ಲ. ಬೆಲ್ಟು ಗಾಮಾನ ಸೊಂಟಕ್ಕೆ ಬಂತು.

ಕುಸ್ತಿಯ ಅಭಿಮಾನಿಗಳು ಶತಮಾನ ಕಳೆದರೂ ಕೊಂಡಾಡುವ ಈ ಪಂದ್ಯ ನೋಡುವವರಿಗೆ ಹೇಗಿದ್ದಿರಬೇಕೆಂಬುದನ್ನು ಓದುಗರೇ ಊಹಿಸಬಹುದು. ಎರಡೂವರೆ ಗಂಟೆಯ ಕಾಲ ಒಬ್ಬನು ಮಲಗಿದ್ದಾನೆ, ಇನ್ನೊಬ್ಬನು ಅವನ ಬೆನ್ನ ಮೇಲಿದ್ದಾನೆ. ಹಣ ಕೊಟ್ಟು ಬಂದವರು ಬೇಸತ್ತರು. ಜಿಬಿಸ್ಕೋವಿಗೆ ಹೇಡಿಯೆಂಬ ಹೆಸರು ಬಂತು. ಆದರೂ ಆ ಬೇಸರದ ಎರಡೂವರೆ ಗಂಟೆಯಲ್ಲಿ ಒಂದು ಕ್ಷಣವೂ ಸುಳ್ಳಾಗಿರಲಿಲ್ಲ. ಗೆಲ್ಲಲಾರೆನೆಂದು ಅರಿತವನು ಸೋಲದಿರಲು ಹೆಣಗಿದ. ಗೆಲ್ಲಬಲ್ಲವನು ಗೆಲ್ಲಲು ಹೆಣಗಿದ. ಯಾರ ಎಲುಬೂ ಮುರಿಯಲಿಲ್ಲ. ನಿಜವಾದ ಬಲ ನಿಜವಾದ ಬಲವನ್ನು ಸಂಧಿಸಿದಾಗ ನೋಡಲು ಸಿಗುವುದು ಬಹುಪಾಲು ಇಷ್ಟೇ. ಹಳೆಯ ಮೈಸೂರಿನ ಗರಡಿಯ ಮಟ್ಟಿಯ ಸುತ್ತ ಕುಳಿತು ಸಮಜೋಡಿಯ ಕುಸ್ತಿಯನ್ನು ನೋಡಿದವರಿಗೂ ಈ ಮಾತು ಹೊಸದಲ್ಲ.

ಈ ಬೇಸರವೇ ವ್ಯಾಪಾರಿಗೆ ಕಂಟಕವಾಯಿತು. ಟಿಕೆಟು ಕೊಂಡವನು ಕೇಳುವುದು ಹೊಡೆತ, ಎತ್ತಿ ಎಸೆತ, ನರಳಾಟ. ಅದೂ ಮನೆಗೆ ಹೋಗುವ ಹೊತ್ತಿನೊಳಗೆ. ನಿಜವಾದ ಕುಸ್ತಿ ಅದನ್ನು ಕೊಡಲಾರದು. 1920ರ ದಶಕದಲ್ಲಿ ಅಮೆರಿಕದ ಕುಸ್ತಿ ವ್ಯಾಪಾರಿಗಳು ಅದಕ್ಕೊಂದು ಉಪಾಯ ಕಂಡುಕೊಂಡರು: ಹೊತ್ತಿಗೆ ಮಿತಿ, ಕಣ್ಣಿಗೆ ಹಬ್ಬವಾಗುವ ಪಟ್ಟುಗಳು, ಮೊದಲೇ ನಿಶ್ಚಯವಾದ ಮುಕ್ತಾಯ. ಎಂದರೆ ನಿಜವಾದ ಕುಸ್ತಿಯಲ್ಲಿ ಹಿಂಸೆ ಸಾಲದಾಗಿತ್ತು. ಕೊರತೆ ಬಿದ್ದ ಹಿಂಸೆಯನ್ನು ಪೂರೈಸಲು ಸುಳ್ಳನ್ನು ಕರೆತಂದರು. “ಸುಳ್ಳಾದ್ದರಿಂದ ಹಿಂಸೆಯಿಲ್ಲ” ಎನ್ನುವವರು ಈ ಸಂಗತಿಯನ್ನು ತಲೆಕೆಳಗಾಗಿ ಹಿಡಿದಿದ್ದಾರೆ. ಹಿಂಸೆಯನ್ನು ಕಾಣುವ ಹಸಿವು ತಣಿಯಲಿಲ್ಲವೆಂದೇ ಆ ಸುಳ್ಳು ಹುಟ್ಟಿತು.

ಸುಳ್ಳಿನ ವ್ಯಾಪಾರ ಎಲ್ಲಿಗೆ ಮುಟ್ಟಿತೆಂಬುದಕ್ಕೆ ಅದೇ ಜಿಬಿಸ್ಕೋ ಸಾಕ್ಷಿ. 1925ರ ಜನವರಿಯಲ್ಲಿ ವೇಯ್ನ್ ಮನ್ ಎಂಬ ಫುಟ್‌ಬಾಲ್ ಆಟಗಾರನನ್ನು ಜಗಜ್ಜೇತನನ್ನಾಗಿ ಮಾಡಲಾಯಿತು. ಆಳು ಭಾರಿ, ಕುಸ್ತಿಯ ವಿದ್ಯೆ ಅಷ್ಟಕ್ಕಷ್ಟೆ. ಏಪ್ರಿಲ್ 15ರಂದು ಫಿಲಡೆಲ್ಫಿಯಾದಲ್ಲಿ ಇವನಿಗೆ ಸೋಲಬೇಕೆಂಬ ಒಪ್ಪಂದದ ಮೇಲೆ ಮುದಿ ಜಿಬಿಸ್ಕೋವನ್ನು ಕಣಕ್ಕಿಳಿಸಿದರು. ಜಿಬಿಸ್ಕೋ ಒಪ್ಪಂದವನ್ನು ಮುರಿದು, ನಿಜವಾದ ಪಟ್ಟು ಹಾಕಿ, ಮನ್ನನ್ನು ಮತ್ತೆ ಮತ್ತೆ ಚಿತ್ ಮಾಡಿ ಬಿರುದನ್ನು ಕಸಿದುಕೊಂಡ. ಸತ್ಯವ್ರತದ ದೃಷ್ಟಿಯಿಂದ ಇದಕ್ಕಿಂತ ತೊಡಕಿನ ಪ್ರಸಂಗ ದೊರೆಯುವುದು ಕಷ್ಟ. ಕೊಟ್ಟ ಮಾತನ್ನು ಉಳಿಸಿಕೊಂಡಿದ್ದರೆ ಸಾವಿರಾರು ಜನಕ್ಕೆ ಸುಳ್ಳು ಹೇಳಿದಂತಾಗುತ್ತಿತ್ತು. ಮಾತು ತಪ್ಪಿದ್ದರಿಂದ ಜನ ಕಂಡದ್ದು ನಿಜವಾಯಿತು. ಅವನನ್ನು ಸತ್ಯವಂತನೆಂದು ಕರೆಯೋಣವೇ? ಅದಕ್ಕೂ ಎಡೆಯಿಲ್ಲ. ಅವನು ಎದುರು ಪಾಳೆಯದ ವ್ಯಾಪಾರಿಗಳ ಕಡೆಗೆ ಸೇರಿಕೊಂಡಿದ್ದ; ಒಂದೂವರೆ ತಿಂಗಳಲ್ಲಿ, ಮೇ 30ರಂದು, ಅದೇ ಬಿರುದನ್ನು ಆ ಕಡೆಯ ಜೋ ಸ್ಟೆಚರನಿಗೆ ಒಪ್ಪಿಸಿದ. ಸುಳ್ಳಿನ ಸಂತೆಯಲ್ಲಿ ಸತ್ಯವೂ ಒಂದು ಸರಕಾಗಿ ಮಾರಾಟವಾಯಿತು.

ಮೂರು ವರ್ಷಗಳ ನಂತರ, 1928ರ ಜನವರಿಯಲ್ಲಿ, ಪಟಿಯಾಲದಲ್ಲಿ ಗಾಮಾ ಮತ್ತು ಜಿಬಿಸ್ಕೋ ಮತ್ತೊಮ್ಮೆ ಎದುರಾದರು. ಇಬ್ಬರಿಗೂ ಐವತ್ತರ ಆಸುಪಾಸು. ಈ ಸಲ ಜಿಬಿಸ್ಕೋ ಮಲಗಲಿಲ್ಲ, ನಿಂತು ಸೆಣಸಿದ. ಒಂದು ನಿಮಿಷ ತುಂಬುವ ಮೊದಲೇ ಚಿತ್ತಾದ. ಹದಿನೇಳು ವರ್ಷ ಕಾದ ಪಂದ್ಯವನ್ನು ಕಾಣಲು ನೆರೆದವರಿಗೆ ಅಂದೂ ಹೆಚ್ಚೇನೂ ದೊರೆಯಲಿಲ್ಲ. ನಿಜವಾದ ಕುಸ್ತಿಯ ಸ್ವಭಾವವೇ ಅದು: ಎರಡೂವರೆ ಗಂಟೆ ಇಲ್ಲವೇ ಒಂದು ನಿಮಿಷ. ನೋಡುವವನ ಆಸೆಗೆ ತಕ್ಕಂತೆ ಅಳೆದು ಕೊಡುವುದು ಅದಕ್ಕೆ ತಿಳಿಯದು.

ಭಾರತದಲ್ಲಿಯೂ ಆ ಬಳಿಕ ಟಿಕೆಟಿನ ಕುಸ್ತಿಯ ಕಾಲ ಬಂತು. ಹಂಗೇರಿಯಲ್ಲಿ ಹುಟ್ಟಿದ, ದೈತ್ಯಕಾಯದ ಕಿಂಗ್ ಕಾಂಗನೊಡನೆ ದಾರಾಸಿಂಗ್ ಸೆಣಸಿದ್ದನ್ನೂ, 1968ರ ಮೇ 29ರಂದು ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್‌ನನ್ನು ಸೋಲಿಸಿದ್ದನ್ನೂ ಹಳಬರು ಇಂದಿಗೂ ಹೇಳುತ್ತಾರೆ. ದಾರಾಸಿಂಗರು ಮುಂದೆ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾಗಿ ಮನೆಮನೆಗೂ ಬಂದರು. ಅವರ ಸೌಜನ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅಮೆರಿಕದ ದೊಡ್ಡ ಕುಸ್ತಿ ಸಂಸ್ಥೆಯು 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಸೆನೆಟ್ಟಿನ ಮುಂದೆ ತನ್ನದು ಸ್ಪರ್ಧೆಯಲ್ಲ, ಮನರಂಜನೆಯೆಂದು ತಾನೇ ಒಪ್ಪಿಕೊಂಡಿತು. ಕ್ರೀಡಾ ಆಯೋಗದ ಕಟ್ಟುಪಾಡುಗಳಿಂದ ತಪ್ಪಿಸಿಕೊಳ್ಳುವುದು ಅದರ ಉದ್ದೇಶ. ದಶಕಗಳ ಕಾಲ ಸುಳ್ಳನ್ನು ನಿಜವೆಂದು ಮಾರಿದವರು, ನಿಜ ಹೇಳಿದರೆ ಲಾಭವುಂಟೆಂದು ಕಂಡ ದಿನ ನಿಜ ಹೇಳಿದರು.

ಇನ್ನು “ಯಾರಿಗೂ ಪೆಟ್ಟಾಗುವುದಿಲ್ಲ” ಎಂಬ ಮಾತು. 1999ರ ಮೇ 23ರಂದು ಕ್ಯಾನ್ಸಾಸ್ ಸಿಟಿಯಲ್ಲಿ ಓವನ್ ಹಾರ್ಟ್ ಎಂಬ 34 ವರ್ಷದ ಪೈಲ್ವಾನನನ್ನು ಕ್ರೀಡಾಂಗಣದ ಮಾಳಿಗೆಯಿಂದ ಹಗ್ಗದಲ್ಲಿ ಇಳಿಬಿಡುವ ಏರ್ಪಾಟಾಗಿತ್ತು. ಅವನು ಕುಸ್ತಿ ಮಾಡಲು ಅಷ್ಟು ಎತ್ತರದಿಂದ ಇಳಿಯಬೇಕಾಗಿರಲಿಲ್ಲ. ನೋಡುವವರ ಕಣ್ಣರಳಿಸಲು ಇಳಿಯಬೇಕಾಗಿತ್ತು. ಕೊಂಡಿ ಕಳಚಿತು. 70 ಅಡಿಗೂ ಹೆಚ್ಚು ಎತ್ತರದಿಂದ ಬಿದ್ದು ಅವನು ಸತ್ತ. ಅಲ್ಲಿ ಕುಳಿತ ಜನರಲ್ಲಿ ಹಲವರು ಅದನ್ನೂ ಆಟದ ಒಂದು ಭಾಗವೆಂದೇ ಮೊದಲು ಬಗೆದರು. ಅವನನ್ನು ಹೊತ್ತೊಯ್ದ ಮೇಲೆ ಆಟ ಮುಂದುವರಿಯಿತು. ಅವನು ಸತ್ತನೆಂಬುದನ್ನು ಒಳಗೆ ಕುಳಿತವರಿಗೆ ತಿಳಿಸಲಿಲ್ಲ. ಸುಳ್ಳು ಹೊಡೆತವನ್ನು ನೋಡಿ ನೋಡಿ ಪಳಗಿದ ಕಣ್ಣಿಗೆ ನಿಜವಾದ ಸಾವನ್ನು ಗುರುತಿಸುವ ಶಕ್ತಿ ಉಳಿದಿರಲಿಲ್ಲ. ದ್ರವ್ಯಹಿಂಸೆ ಇಲ್ಲವೆಂದು ವಾದಿಸುವವರಿಗೆ ಇಷ್ಟು ಸಾಕು.

ಭಾವಹಿಂಸೆಯ ವಿಷಯಕ್ಕೆ ಬಂದರೆ, ಶ್ರಾವಕನಿಗೆ ಹೊಸ ಶಾಸ್ತ್ರವೇನೂ ಬೇಕಾಗಿಲ್ಲ. ಪಾಪವು ಮಾಡುವುದರಿಂದ ಮಾತ್ರವಲ್ಲದೆ ಮಾಡಿಸುವುದರಿಂದಲೂ ಅನುಮೋದಿಸುವುದರಿಂದಲೂ ಅಂಟುತ್ತದೆಂಬುದು ಪಾಠಶಾಲೆಯ ಮಗುವಿಗೂ ಗೊತ್ತು. ಕುಸ್ತಿಯ ಪರದೆಯ ಮುಂದೆ “ಹೊಡಿ, ಬಿಡಬೇಡ” ಎಂದು ಕೂಗುವವನು ಕೃತದಲ್ಲಿಲ್ಲ; ಆದರೆ ನೋಡುವವರ ಹಣದಿಂದಲೇ ನಡೆಯುವ ಆಟದಲ್ಲಿ ಕಾರಿತದಿಂದಲೂ ಅವನು ಪೂರ್ತಿ ದೂರವಿಲ್ಲ, ಅನುಮೋದನೆಯಲ್ಲಂತೂ ಮುಳುಗಿದ್ದಾನೆ. ಗೃಹಸ್ಥನ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಒಂದು. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪದಿಂದ ಹಿಂದೆ ಸರಿಯುವುದು. ಅದರ ಐದು ಬಗೆಗಳಲ್ಲಿ ಅಪಧ್ಯಾನವೂ ದುಃಶ್ರುತಿಯೂ ಸೇರಿವೆ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ಅಪಧ್ಯಾನವನ್ನು ವಿವರಿಸುವಾಗ ಇತರರ ಜಯ, ಪರಾಜಯ, ವಧೆ, ಬಂಧನ, ಅಂಗಚ್ಛೇದ ಹೇಗಾದೀತೆಂದು ಮನಸ್ಸಿನಲ್ಲಿ ಚಿಂತಿಸುತ್ತಿರುವುದೆಂದು ಹೇಳಿದ್ದಾರೆ. ಚಾಮರಾಜನಗರದ ಬಳಿಯ ಮಲೆಯೂರಿನ ಕನಕಗಿರಿಯೊಡನೆ ಪರಂಪರೆಯು ಜೋಡಿಸುವ ಆಚಾರ್ಯರು ಇವರು. ಯಳಂದೂರು, ಕೊಳ್ಳೇಗಾಲದವರಿಗೆ ದೂರದವರಲ್ಲ. ವಧೆ, ಬಂಧನಗಳ ಪಕ್ಕದಲ್ಲಿ ಅವರು ಜಯಪರಾಜಯವನ್ನೂ ಇರಿಸಿದ್ದನ್ನು ಗಮನಿಸಬೇಕು. ಸುಳ್ಳೋ ನಿಜವೋ, ಒಬ್ಬನ ಸೋಲಿಗಾಗಿ ಹಂಬಲಿಸುತ್ತ ಕುಳಿತ ಮನಸ್ಸನ್ನು ಕುರಿತ ಮಾತು ಅದು.

ಇದಲ್ಲದೆ ರೌದ್ರಧ್ಯಾನದ ಭೇದಗಳಲ್ಲಿ ಹಿಂಸಾನಂದ, ಮೃಷಾನಂದ ಎಂದು ಎರಡನ್ನು ಎಣಿಸುತ್ತಾರೆ: ಹಿಂಸೆಯಲ್ಲಿ ಸಂತೋಷ, ಸುಳ್ಳಿನಲ್ಲಿ ಸಂತೋಷ. ಗಾಮಾನ ಪಂದ್ಯವನ್ನು ನೋಡಿದವರಿಗೆ ಹೆಚ್ಚೆಂದರೆ ಮೊದಲನೆಯದು ಒದಗಿತು, ಅದೂ ಅರೆಬರೆಯಾಗಿ. ಇಂದಿನ ಪರದೆಯ ಕುಸ್ತಿ ಎರಡನ್ನೂ ಒಟ್ಟಿಗೆ ಬಡಿಸುತ್ತದೆ. “ಸುಳ್ಳೆಂದು ಗೊತ್ತಿದ್ದೇ ನೋಡುತ್ತೇವೆ” ಎಂಬ ಸಮರ್ಥನೆ ತಪ್ಪನ್ನು ಕಳೆಯುವುದಿಲ್ಲ, ಇನ್ನೊಂದನ್ನು ಕೂಡಿಸುತ್ತದೆ.

ಇಲ್ಲಿ ಕೊಳ್ಳೇಗಾಲದವರು ಎತ್ತಬಹುದಾದ ಒಂದು ಆಕ್ಷೇಪವುಂಟು, ಅದನ್ನು ಮರೆಮಾಡುವುದು ಸರಿಯಲ್ಲ. ರೇಷ್ಮೆ ನೇಯ್ಗೆಗೆ ಹೆಸರಾದ ಊರಿನಲ್ಲಿ, ಸಾವಿರಾರು ಹುಳುಗಳನ್ನು ಕುದಿಸಿ ತೆಗೆದ ನೂಲಿನ ನಡುವೆ ಕುಳಿತು, ಮಕ್ಕಳು ನೋಡುವ ಆಟದಲ್ಲಿ ಹಿಂಸೆಯನ್ನು ಹುಡುಕುವುದೇ? ಆಕ್ಷೇಪ ನ್ಯಾಯವಾದದ್ದು; ರೇಷ್ಮೆಯ ಪ್ರಶ್ನೆಗೆ ಸಮಾಜವು ಇನ್ನೂ ತೃಪ್ತಿಕರವಾದ ಉತ್ತರ ಕೊಟ್ಟಿಲ್ಲ. ಆದರೆ ಅದೇ ಶಾಸ್ತ್ರವು ಗೃಹಸ್ಥನ ಉದ್ಯೋಗದಲ್ಲಿ ಒದಗುವ ಹಿಂಸೆಯನ್ನು ಬೇರೆಯಾಗಿ ಎಣಿಸಿ, ಕಡಿಮೆ ಮಾಡಿಕೊಳ್ಳೆಂದು ಹೇಳುತ್ತದೆ. ಸಂಕಲ್ಪದ ಹಿಂಸೆಯನ್ನೂ ಅನರ್ಥವಾದ ಪಾಪವನ್ನೂ ಬಿಟ್ಟೇಬಿಡೆಂದು ಹೇಳುತ್ತದೆ. ಮಗ್ಗ ನಿಲ್ಲಿಸಿದರೆ ಒಂದು ಮನೆಯ ಒಲೆ ಆರುತ್ತದೆ. ಪರದೆ ಆರಿಸಿದರೆ ಯಾರ ಒಲೆಯೂ ಆರುವುದಿಲ್ಲ. ಕಷ್ಟವಾದದ್ದನ್ನು ಬಿಡಲಾರೆವೆಂಬ ನೆಪದಿಂದ ಸುಲಭವಾದದ್ದನ್ನೂ ಬಿಡದಿರುವುದು ಯಾವ ವ್ರತ?

ಹಾಗಾದರೆ ಗರಡಿಯ ಕುಸ್ತಿಯೇ ಶುದ್ಧವೆಂದು, ಮಕ್ಕಳನ್ನು ಮೈಸೂರಿನ ದಸರಾ ಕುಸ್ತಿಗೆ ಕರೆದೊಯ್ದರೆ ಸಾಕೆಂದು ಇನ್ನು ಕೆಲವರು ಹೇಳುವರು. ಅಲ್ಲಿ ಬಲ ನೋಡಿ ಜೋಡಿ ಕಟ್ಟುತ್ತಾರೆ, ಮಣ್ಣು ಮುಟ್ಟಿ ನಮಸ್ಕರಿಸುತ್ತಾರೆ, ಬೆನ್ನು ತಾಗಿದರೆ ಮುಗಿಯಿತು. ಸುಳ್ಳಿನ ಕುಸ್ತಿಗಿಂತ ಅದು ಎಷ್ಟೋ ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಿಜವಾಗಿರುವುದೊಂದೇ ಸಾಲದು. ಗೆದ್ದವನಿಗೆ ಅಲ್ಲಿ ಕೊಡುವ ‘ದಸರಾ ಕಂಠೀರವ’ ಎಂಬ ಬಿರುದೇ ಇನ್ನೊಂದು ಕಾಳಗವನ್ನು ನೆನಪಿಗೆ ತರುತ್ತದೆ.

1638ರಿಂದ 1659ರವರೆಗೆ ಆಳಿದ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರ ಸಾಹಸವನ್ನು ಈ ಭಾಗದಲ್ಲಿ ತಿಳಿಯದವರಿಲ್ಲ. ಯಳಂದೂರಿನ ಬಳೆಮಂಟಪ ಎದ್ದುನಿಂತ ಕಾಲವೂ ಅದೇ. 1960ರಲ್ಲಿ ಬಂದ ‘ರಣಧೀರ ಕಂಠೀರವ’ ಚಲನಚಿತ್ರದಲ್ಲಿ ಆ ಅರಸನಾದವರು ಡಾ. ರಾಜ್‌ಕುಮಾರ್, ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಸಿಂಗಾನಲ್ಲೂರು ಕೊಳ್ಳೇಗಾಲದ ಸೀಮೆಯದೇ. ಕಥೆ ಹೀಗಿದೆ: ತಿರುಚಿನಾಪಳ್ಳಿಯ ಒಬ್ಬ ಜಟ್ಟಿ ತನ್ನ ಚಲ್ಲಣವನ್ನು ಊರಬಾಗಿಲಿಗೆ ತೂಗಹಾಕಿಸಿದ್ದ, ಒಳಗೆ ಬರುವವರೆಲ್ಲ ಅದರ ಕೆಳಗೆ ನುಸುಳಿ ಅವನ ಮೇಲ್ಮೆಯನ್ನು ಒಪ್ಪಬೇಕು. ಒಡೆಯರು ವೇಷ ಮರೆಸಿಕೊಂಡು ಹೋಗಿ, ಹಾಗೆ ನುಸುಳಲು ಒಪ್ಪದೆ, ಅವನನ್ನು ಎದುರಿಸಿ ಕೊಂದು ಮರಳಿದರು. ಕೊಳ್ಳೇಗಾಲದ ಅಂಚನ್ನು ತೊಳೆದು ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯೇ ಮುಂದೆ ತಿರುಚಿನಾಪಳ್ಳಿಯನ್ನೂ ತಲುಪುತ್ತದೆ. 1956ರವರೆಗೆ ಕೊಳ್ಳೇಗಾಲವು ಮದರಾಸಿನ ಆಡಳಿತಕ್ಕೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎರಡು ದಡದ ಹೆಮ್ಮೆಯನ್ನೂ ಬಲ್ಲ ಊರು ಇದು. ಇಲ್ಲಿಯಾದರೂ ಒಂದು ಪ್ರಶ್ನೆ ಏಳಬೇಕಿತ್ತು: ಚಲ್ಲಣದ ಅವಮಾನ ಜಟ್ಟಿ ಸೋತ ಕ್ಷಣದಲ್ಲಿಯೇ ಕಳೆದುಹೋಗಿರಲಿಲ್ಲವೇ? ಆಮೇಲಿನ ಸಾವು ಯಾವುದಕ್ಕಾಗಿ? ಬಾಗಿಲಲ್ಲಿ ತಲೆ ಬಾಗದಿದ್ದುದು ಧೀರತನ. ಕೊಂದದ್ದನ್ನೂ ಅದೇ ಉಸಿರಿನಲ್ಲಿ ಹೊಗಳುವಾಗ ಹೊಗಳುವವರಿಗೆ ಹಿಂಸಾನಂದವು ಪರದೇಶದಿಂದ ಬರಬೇಕಾಗಿಲ್ಲ.

ಇದರ ಪಕ್ಕದಲ್ಲಿ ಗಾಮಾನ ಬಾಳಿನ ಕೊನೆಯ ಭಾಗವನ್ನು ಇಟ್ಟು ನೋಡಬಹುದು. 1947ರಲ್ಲಿ ಲಾಹೋರು ಹೊತ್ತಿ ಉರಿಯುತ್ತಿದ್ದಾಗ, ಅರವತ್ತು ದಾಟಿದ ಈ ಪೈಲ್ವಾನ ತನ್ನ ಬೀದಿಯ ಹಿಂದೂಗಳ ಮೇಲೆ ಏರಿಬಂದ ಗುಂಪಿಗೆ ಅಡ್ಡ ನಿಂತು ಅವರನ್ನು ಉಳಿಸಿದ. ಅವನನ್ನು ನೆನೆಯುವವರಲ್ಲಿ ಹೆಚ್ಚಿನವರು 1910ರ ಬೆಲ್ಟನ್ನು ನೆನೆಯುತ್ತಾರೆ. ಅಭಯದಾನವನ್ನು ದಾನಗಳಲ್ಲಿ ಮೇಲೆಂದು ಬಲ್ಲವರು ಆ ಬೀದಿಯನ್ನು ನೆನೆಯಬೇಕಾಗಿತ್ತು. ಟಿಕೆಟ್ಟಿಲ್ಲದ, ಚಪ್ಪಾಳೆಯಿಲ್ಲದ ಆ ಪಂದ್ಯದಲ್ಲಿ ಅವನು ಯಾರನ್ನೂ ಚಿತ್ ಮಾಡಲಿಲ್ಲ.

“ಭರತ ಬಾಹುಬಲಿಯರೂ ಮಲ್ಲಯುದ್ಧ ಮಾಡಲಿಲ್ಲವೇ, ಎರಡು ಸೇನೆಗಳು ಸುತ್ತ ನಿಂತು ನೋಡಲಿಲ್ಲವೇ?” ಎಂಬುದು ಕೊನೆಯ ಅಸ್ತ್ರ. ನೋಡಿದವು ನಿಜ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಮಂತ್ರಿಗಳು ಗೊತ್ತುಪಡಿಸಿದ್ದೇ ಆ ಸೇನೆಗಳು ಸಾಯದಿರಲೆಂದು; ನೋಡುತ್ತ ನಿಂತವರ ಪ್ರಾಣವೇ ಅಲ್ಲಿ ಉಳಿದದ್ದು. ಅಣ್ಣನನ್ನು ಎತ್ತಿ ಹಿಡಿದ ಬಾಹುಬಲಿ ಅವನನ್ನು ನೆಲಕ್ಕೆ ಅಪ್ಪಳಿಸಬಹುದಾಗಿತ್ತು. ಅಪ್ಪಳಿಸದೆ ಮೆಲ್ಲನೆ ಇಳಿಸಿದ. ಗೆದ್ದ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಡೆದ. ಕ್ರಿ.ಶ. 941ರ ಪಂಪನ ಆದಿಪುರಾಣದಿಂದ ಕನ್ನಡಕ್ಕೆ ಈ ಪ್ರಸಂಗ ಪರಿಚಿತ. ಆದರೆ 16ನೆಯ ಶತಮಾನದ ಮೂಡಬಿದಿರೆಯ ರತ್ನಾಕರವರ್ಣಿಗೆ ಅಷ್ಟೂ ಹೆಚ್ಚೆನಿಸಿತು. ಭರತೇಶ ವೈಭವದಲ್ಲಿ ಅವನು ಅಣ್ಣತಮ್ಮಂದಿರ ಕೈ ಕೈ ಸೇರುವುದಕ್ಕೇ ಬಿಡಲಿಲ್ಲ. ಭರತನ ಒಲವಿನ ಮಾತೇ ತಮ್ಮನ ಮನಸ್ಸನ್ನು ಕರಗಿಸುವಂತೆ ಕಥೆಯನ್ನು ತಿರುಗಿಸಿದ. ಕಾಳಗಕ್ಕೆಂದು ಎಲ್ಲವೂ ಸಿದ್ಧವಾಗಿ, ಕಾಳಗವೇ ನಡೆಯದ ಆ ಭಾಗವನ್ನು ನಾಲ್ಕು ಶತಮಾನಗಳಿಂದ ಮನೆಮನೆಗಳಲ್ಲಿ ಹಾಡಿದ್ದಾರೆ, ಕೇಳಿದ್ದಾರೆ. ಕೇಳಿದವರಲ್ಲಿ ಒಬ್ಬರೂ ಟಿಕೆಟಿನ ಹಣ ವಾಪಸು ಕೇಳಿದ್ದಿಲ್ಲ.